ಒಂದನೇ ಕ್ಲಾಸಿನ ಮಗು ದಸರಾ ರಜೆಯೊಳಗೆ ಏನು ಕಲಿಯಲಿಕ್ಕುಂಟು?

ಮೇ ತಿಂಗಳ ಕೊನೆ ಬಂತೆಂದರೆ ಬೆಟ್ಟಂಪಾಡಿ, ಇರ್ದೆ, ರೆಂಜ ಕಡೆಯ ನಮ್ಮ ಮನೆಗಳಲ್ಲಿ ಒಂದೇ ಗಡಿಬಿಡಿ. ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡಬೇಕು, ಕಟ್ಟಿಗೆ ಒಳಗೆ ಹಾಕಬೇಕು. ಅದರ ಎಡೆಯಲ್ಲೇ ಪುತ್ತೂರಿಗೆ ಹೋಗಿ ಮಕ್ಕಳಿಗೆ ಕೊಡೆ, ಬ್ಯಾಗು, ಚಪ್ಪಲಿ ತರಬೇಕು. ಈ ಬಾರಿ ಮೊದಲ ಸಲ ಶಾಲೆಗೆ ಹೋಗುವ ಮಗು ಮನೆಯಲ್ಲಿದ್ದರೆ ಸಂಭ್ರಮ ಇನ್ನೂ ಜಾಸ್ತಿ. ಬ್ಯಾಗಿನ ಬಣ್ಣ ಯಾವುದು, ಬಾಟ್ಲಿ ಎಷ್ಟು ದೊಡ್ಡದು ಎಂದೆಲ್ಲ ಚರ್ಚೆ ಮಾಡುವ ನಾವು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ಜೂನ್‌ನಿಂದ ದಸರಾ ರಜೆಯವರೆಗಿನ ಈ ಮೊದಲ ಅವಧಿಯಲ್ಲಿ ಮಗು ಕಲಿಯಲಿಕ್ಕಿರುವುದಾದರೂ ಏನು?

ಕೇಳಬೇಕಾದದ್ದು ಯಾಕೆಂದರೆ, ನಮ್ಮ ಮಗುವಿನ ಹೊರೆ ಸಣ್ಣದಲ್ಲ. ಮನೆಯಲ್ಲಿ ಬ್ಯಾರಿ, ರಸ್ತೆಗಿಳಿದರೆ ತುಳು. ಬೆಳಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದುವ ಅರಬಿ ಅಕ್ಷರ. ಅಲ್ಲಿಂದ ಬಂದು ಚಾ ಕುಡಿದು ಶಾಲೆಗೆ ಹೋದರೆ ಎಡದಿಂದ ಬಲಕ್ಕೆ ಓದುವ ಕನ್ನಡ, ಜೊತೆಗೆ ಇಂಗ್ಲಿಷಿನ ಹಾಡು. ಆರು ವರ್ಷದ ಮಗು ಒಂದೇ ದಿನದಲ್ಲಿ ಇಷ್ಟು ಭಾಷೆಗಳ ನಡುವೆ ಓಡಾಡುತ್ತದೆ. ಶಾಲೆಯಲ್ಲಿ ಅದು ಬಾಯಿ ಬಿಡದಿದ್ದರೆ ‘ಮಗು ಸ್ವಲ್ಪ ಮಂದ’ ಎಂದು ನಾವೇ ಹೇಳಿಬಿಡುತ್ತೇವೆ. ಅದು ಮಂದ ಅಲ್ಲ. ಅದಕ್ಕೆ ಭಾಷೆ ಸಿಕ್ಕಿಲ್ಲ, ಅಷ್ಟೆ.

ಅ ಆ ಇ ಈ ಅಲ್ಲ, ರ ಗ ಸ ದ ಅ

ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ಇರುವುದು ‘ನಲಿಕಲಿ’. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಶುರು ಮಾಡಿದ ಕ್ರಮ ಇದು. ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನು ನೋಡಿ ಬಂದು ಅವರು ಇದನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದಾದ್ಯಂತ ಬಂತು. ಇಲ್ಲಿ ಸಾಲು ಬೆಂಚುಗಳಿಲ್ಲ. ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯಲ್ಲಿ ‘ಕಲಿಕಾ ಏಣಿ’ ಇರುತ್ತದೆ. ಮಗು ತನ್ನ ಮೆಟ್ಟಿಲು ನೋಡಿ, ಅದರ ಕಾರ್ಡು ತೆಗೆದು ಕಲಿಯಬೇಕು. ಕೆಲವು ಕಡೆ ಟೀಚರ್ ಸಹಾಯ, ಕೆಲವು ಕಡೆ ಜೊತೆಯ ಮಕ್ಕಳ ಸಹಾಯ, ಕೊನೆಗೆ ತಾನಾಗಿಯೇ.

ಮೊದಲ ದಿನಗಳಲ್ಲಿ ಅಕ್ಷರವೇ ಇರುವುದಿಲ್ಲ. ಹಾಡು, ಕಥೆ, ಆಟ, ಚಿತ್ರ, ಗೆರೆ ಎಳೆಯುವುದು. ‘ಶಾಲೆಯಲ್ಲಿ ಬರೀ ಆಟ’ ಎಂದು ಕೆಲವು ಉಪ್ಪಂದಿರು ದೂರುವುದು ಇದನ್ನೇ. ಆದರೆ ಕೈಬೆರಳು ಪಳಗುವುದು, ಕಿವಿ ಕನ್ನಡಕ್ಕೆ ಹೊಂದುವುದು ಈ ಆಟದಲ್ಲೇ.

ಅಕ್ಷರ ಬಂದಾಗಲೂ ಅದು ನಾವು ಕಲಿತ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಯಾಕೆ ಹೀಗೆ? ಮೊದಲ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಂದು ಮಗು ಪದ ಓದಿಬಿಡುತ್ತದೆ. ಮರುಕಂತು ಸೇರಿದರೆ ಮರ, ಜನ, ವನ. ಐವತ್ತು ಅಕ್ಷರ ಬಾಯಿಪಾಠ ಆಗುವ ತನಕ ಕಾಯಬೇಕಾಗಿಲ್ಲ. ಆದ್ದರಿಂದ ಸಂಜೆ ಮಗುವನ್ನು ಕೂರಿಸಿ ‘ಅ ಆ ಇ ಈ ನೂರು ಸಲ ಬರಿ’ ಎಂದು ಒತ್ತಾಯ ಮಾಡಬೇಡಿ. ಶಾಲೆಯ ಏಣಿ ಒಂದು ಕಡೆ, ಮನೆಯ ಏಣಿ ಇನ್ನೊಂದು ಕಡೆ ಆದರೆ ಮಗು ಎರಡರಿಂದಲೂ ಜಾರುತ್ತದೆ.

ಬೆಲೆಯೋ, ಬೆಳೆಯೋ?

ಇನ್ನು ನಮ್ಮ ಮಕ್ಕಳಿಗೆ ಮಾತ್ರ ಎದುರಾಗುವ ಒಂದು ಕಷ್ಟ. ಬ್ಯಾರಿ ಭಾಷೆಯಲ್ಲಿ ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’ ಎಂಬ ಭೇದ ಇಲ್ಲವೆನ್ನುವಷ್ಟು ಕಡಿಮೆ. ಭಾಷೆಯನ್ನು ಅಧ್ಯಯನ ಮಾಡಿದವರು ಇದನ್ನು ನಮ್ಮ ಮಾತಿನ ಲಕ್ಷಣವೆಂದೇ ಗುರುತಿಸಿದ್ದಾರೆ. ಅದು ತಪ್ಪಲ್ಲ, ಕೊರತೆಯೂ ಅಲ್ಲ. ಆದರೆ ಕನ್ನಡದಲ್ಲಿ ಹುಲಿ ಬೇರೆ ಹುಳಿ ಬೇರೆ, ಕಾಲು ಬೇರೆ ಕಾಳು ಬೇರೆ, ಮನೆ ಬೇರೆ ಮಣೆ ಬೇರೆ. ಅಡಕೆಯ ಬೆಲೆಯೂ ಅಡಕೆಯ ಬೆಳೆಯೂ ಒಂದೇ ಅಲ್ಲವೆಂದು ತೋಟ ಇರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಮಗುವಿನ ಕಿವಿಗೆ ಮಾತ್ರ ಎರಡೂ ಒಂದೇ ಕೇಳಿಸುತ್ತದೆ. ಉಕ್ತಲೇಖನದಲ್ಲಿ ತಪ್ಪು ಬರೆದರೆ ಅದಕ್ಕೆ ಪೆಟ್ಟು ಮದ್ದಲ್ಲ. ನಾಲಗೆ ಮಡಚಿ ‘ಳ’ ಹೇಳುವುದನ್ನು ಎದುರು ಕೂತು ತೋರಿಸಿದರೆ, ಜೋಡಿ ಪದಗಳನ್ನು ಆಟದ ಹಾಗೆ ಹೇಳಿಸಿದರೆ ಕೆಲವೇ ತಿಂಗಳಲ್ಲಿ ಕಿವಿ ತೆರೆಯುತ್ತದೆ.

ಮನೆಯ ಪಾಲ್, ಶಾಲೆಯ ಹಾಲು

ಒಂದನೇ ಕ್ಲಾಸಿನಲ್ಲಿ ‘ಹಲ್ಲು ತೋರಿಸು’ ಎಂದಾಗ ಏನೆಂದು ತಿಳಿಯದೆ ಸುಮ್ಮನೆ ನಿಂತದ್ದು ನಮಗೆ ಈಗಲೂ ನೆನಪುಂಟು. ಮನೆಯಲ್ಲಿ ಅದು ‘ಪಲ್ಲ್’. ಎರಡೂ ಒಂದೇ ಎಂದು ಅಂದು ಯಾರೂ ಹೇಳಿರಲಿಲ್ಲ. ಹಳೆಗನ್ನಡದ ‘ಪ’ ಕಾಲಕ್ರಮದಲ್ಲಿ ಕನ್ನಡದಲ್ಲಿ ‘ಹ’ ಆಯಿತು, ನಮ್ಮ ಬ್ಯಾರಿಯಲ್ಲಿ ‘ಪ’ವಾಗಿಯೇ ಉಳಿಯಿತು. ಪಾಲ್ ಎಂದರೆ ಹಾಲು, ಪುಲಿ ಎಂದರೆ ಹುಲಿ, ಪತ್ತ್ ಎಂದರೆ ಹತ್ತು. ಈ ಒಂದು ಗುಟ್ಟು ಹೇಳಿಕೊಟ್ಟರೆ ಮಗುವಿಗೆ ಹತ್ತಾರು ಪದ ಒಟ್ಟಿಗೇ ಸಿಗುತ್ತದೆ. ತಲೆ, ಕೈ, ಬಾ ಎಂಬಂಥವು ಹೇಗೂ ಎರಡು ಕಡೆಯೂ ಒಂದೇ. 2013ರಿಂದ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಕೊಡುತ್ತಾರೆ. ಆ ಲೋಟ ಕೈಗೆ ಬಂದಾಗ ‘ಇದು ಮನೆಯ ಪಾಲೇ’ ಎಂದು ಮಗುವಿಗೆ ಗೊತ್ತಿರಲಿ.

ಲೆಕ್ಕದಲ್ಲಿ ಮೊದಲು ಬರುವುದು ಒಳಗೆ-ಹೊರಗೆ, ಮೇಲೆ-ಕೆಳಗೆ, ಹತ್ತಿರ-ದೂರ. ನಂತರ 1ರಿಂದ 9ರವರೆಗೆ ಎಣಿಕೆ, ಕೂಡಿಸುವುದು, ಕಳೆಯುವುದು. ಇದಕ್ಕೆ ಟ್ಯೂಷನ್ ಬೇಡ, ಅಂಗಳದ ಅಡಕೆ ಸಾಕು. ಒಂಬತ್ತು ಅಡಕೆ ಇಟ್ಟು ಮೂರು ತೆಗೆದರೆ ಎಷ್ಟು ಉಳಿಯಿತೆಂದು ಬ್ಯಾರಿಯಲ್ಲೇ ಕೇಳಿ. ಲೆಕ್ಕ ತಲೆಗೆ ಹೋದ ಮೇಲೆ ಅದರ ಕನ್ನಡ ಹೆಸರು ಬರಲು ತಡವಿಲ್ಲ.

‘ನನಗೆ ಓದಲು ಬರುವುದಿಲ್ಲ’ ಎನ್ನುವ ಉಮ್ಮಂದಿರಿಗೆ

ಕನ್ನಡ ಓದಲು ಬಾರದ ಉಮ್ಮ ತನ್ನಿಂದ ಏನೂ ಆಗದು ಎಂದುಕೊಳ್ಳುತ್ತಾರೆ. ಹಾಗಲ್ಲ. ಮಲಗುವಾಗ ಬ್ಯಾರಿಯಲ್ಲಿ ಕಥೆ ಹೇಳಿ. ಕಥೆ ಕೇಳಿ ಬೆಳೆದ ಮಗುವಿಗೆ ಪುಸ್ತಕದ ಕಥೆ ಬೇಗ ಹಿಡಿಯುತ್ತದೆ. ‘ಇನ್ನು ಮನೆಯಲ್ಲೂ ಕನ್ನಡವೇ ಮಾತಾಡು’ ಎಂದು ಮಗುವಿನ ಬಾಯಿ ಕಟ್ಟಬೇಡಿ. ಸಾಧ್ಯವಿರುವ ಕಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೇ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದರೂ ನಮ್ಮ ಮಾತು ಒಂದನೇ ಕ್ಲಾಸಿನ ಒಳಗೆ ಹೋಗಿಲ್ಲ. ಅಲ್ಲಿಯವರೆಗೆ ಆ ಕೆಲಸ ಮನೆಯದ್ದೇ.

ಇನ್ನೊಂದು ಮಾತು ಉಪ್ಪಂದಿರಿಗೂ ಸೇರಿ. ಜೂನ್-ಜುಲೈಯಲ್ಲಿ ಜಿಲ್ಲಾಡಳಿತ ಕೊಡುವ ಮಳೆ ರಜೆ ಹೇಗೂ ಉಂಟು. ಅದರ ಮೇಲೆ ಮದುವೆ, ಸತ್ಕಾರ, ಅಜ್ಜಿಮನೆ ಎಂದು ನಾವೂ ರಜೆ ಹಾಕಿಸಿದರೆ ಅವಧಿಯಲ್ಲಿ ಉಳಿಯುವುದೇನು? ನಲಿಕಲಿಯಲ್ಲಿ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು, ನಿಜ. ಆದರೆ ಜೊತೆಯವರು ಅಷ್ಟರಲ್ಲಿ ಮೇಲೆ ಹೋಗಿರುತ್ತಾರೆ. ಕೆಳಗೆ ಒಬ್ಬನೇ ಉಳಿದ ಮಗು ಮಾತು ಕಡಿಮೆ ಮಾಡುತ್ತದೆ, ಆಮೇಲೆ ಶಾಲೆಯೇ ಬೇಡ ಎನ್ನುತ್ತದೆ.

ತಿಂಗಳಿಗೊಮ್ಮೆ ಶಾಲೆಗೆ ಹೋಗಿ. ‘ನನ್ನ ಮಗು ಹೇಗೆ’ ಎಂದಷ್ಟೇ ಕೇಳಿ ಬರಬೇಡಿ. ‘ಎಷ್ಟನೇ ಮೈಲಿಗಲ್ಲಿನಲ್ಲಿ ಉಂಟು? ಪ್ರಗತಿ ನೋಟ ತೋರಿಸ್ತೀರಾ?’ ಎಂದು ಕೇಳಿ. ಘಟ್ಟದ ಮೇಲಿನಿಂದ ಬಂದ ಟೀಚರ್ ಆದರೆ ಅವರಿಗೆ ತುಳುವೂ ಬಾರದು, ಬ್ಯಾರಿಯೂ ಬಾರದು. ಮಗು ಮನೆಯಲ್ಲಿ ನೀರಿಗೆ, ಹಸಿವಿಗೆ, ಹೊರಗೆ ಹೋಗಲಿಕ್ಕೆ ಏನು ಹೇಳುತ್ತದೆಂದು ನಾಲ್ಕು ಮಾತು ಅವರಿಗೆ ಹೇಳಿಕೊಟ್ಟು ಬನ್ನಿ. ಖುಷಿಯಿಂದ ಕಲಿಯುವ ಟೀಚರ್‌ಗಳು ಬಹಳ ಮಂದಿ ಇದ್ದಾರೆ.

ದಸರಾ ರಜೆಗೆ ಮಗು ಮನೆಗೆ ಬಂದಾಗ ಪರೀಕ್ಷೆ ಮಾಡುವ ಆಸೆ ನಮಗೆಲ್ಲ ಉಂಟು. ಬಸ್ಸಿನ ಬೋರ್ಡು ತೋರಿಸಿ ಓದು ಎನ್ನುತ್ತೇವೆ. ‘ಬೆಟ್ಟಂಪಾಡಿ’ ಎಂದು ಓದಲು ಗುಣಿತ, ಒತ್ತಕ್ಷರ, ಸೊನ್ನೆ ಮೂರೂ ಗೊತ್ತಿರಬೇಕು. ಅದಕ್ಕೆ ಇನ್ನೂ ಸಮಯ ಉಂಟು. ಆ ಬೋರ್ಡಿನಲ್ಲಿ ‘ಬ’ ಎಲ್ಲಿದೆ ಎಂದು ಕೇಳಿ. ಮಗು ಬೆರಳಿಟ್ಟು ತೋರಿಸಿದರೆ ಈ ಅವಧಿಯ ಪಾಠ ಸರಿಯಾಗಿ ಆಗಿದೆ ಎಂದೇ ಅರ್ಥ.