ಡಾಕ್ಟರ್ ಹೇಳಿದ್ದು ಅರ್ಥ ಆಯ್ತಾ ಬೀಜಿ?

ಡಾಕ್ಟರ್ ಹತ್ತಿರ ಹೋಗಿ ಬಂದ ಅಮ್ಮನನ್ನೋ ಅತ್ತೆಯನ್ನೋ ‘ಏನಂದ್ರು?’ ಅಂತ ಕೇಳಿ ನೋಡಿ. ‘ಏನೋ ಮಾತ್ರೆ ಕೊಟ್ಟಿದ್ದಾರೆ, ತಗೋಬೇಕಂತೆ’ ಎಂಬ ಉತ್ತರವೇ ಹೆಚ್ಚು. ನಮ್ಮ ಭಾಷೆ ಬಲ್ಲ ಡಾಕ್ಟರ್ ಇದ್ದರೇ ಹೀಗೆ. ಇನ್ನು ಭಾಷೆಯೇ ಬಾರದ ದೇಶದಲ್ಲಿ ಕಾಯಿಲೆ ಬಿದ್ದರೆ?

ಕೆನಡಾದ ಬ್ರಾಂಪ್ಟನ್ ಮತ್ತು ಸರ್ರೆ, ಇಂಗ್ಲೆಂಡಿನ ಸೌತಾಲ್ ಪಂಜಾಬಿಗಳ ಊರುಗಳೆಂದೇ ಹೆಸರಾಗಿವೆ. 2021ರ ಜನಗಣತಿಯ ಪ್ರಕಾರ ಕೆನಡಾದಲ್ಲಿ ಪಂಜಾಬಿ ಬಲ್ಲವರೇ ಒಂಬತ್ತು ಲಕ್ಷಕ್ಕೂ ಹೆಚ್ಚು. ಪಂಜಾಬಿನಲ್ಲಿ ಅಮ್ಮನನ್ನು, ಅಜ್ಜಿಯನ್ನು ಪ್ರೀತಿಯಿಂದ ‘ಬೀಜಿ’ ಅನ್ನುತ್ತಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಹೋಗಿ ಅಲ್ಲೇ ಉಳಿದ ಎಷ್ಟೋ ಬೀಜಿಯರಿಗೆ ಇಂಗ್ಲಿಷ್ ಬಾರದು. ಅವರಿಗೆ ಬಿಪಿ, ಶುಗರ್ ಬಗ್ಗೆ ತಿಳಿಹೇಳುವುದು ಹೇಗೆ? ಈ ಪ್ರಶ್ನೆಗೆ ಅಲ್ಲಿನವರು ಕಂಡುಕೊಂಡ ಉತ್ತರಗಳಲ್ಲಿ ನಮಗೂ ಪಾಠವಿದೆ.

ಕರಪತ್ರ ಹಂಚಿದರೆ ಸಾಲದು

ಇಂಗ್ಲಿಷ್ ಕರಪತ್ರವನ್ನು ಪಂಜಾಬಿಗೆ ಅನುವಾದಿಸಿದರೆ ಮುಗಿಯಿತು ಅಂದುಕೊಂಡಿರಾ? ಭಾರತದ ಪಂಜಾಬಿಗಳದು ಗುರುಮುಖಿ ಲಿಪಿ. ಪಾಕಿಸ್ತಾನದ ಪಂಜಾಬಿಗಳು ಮನೆಯಲ್ಲಿ ಮಾತಾಡುವುದು ಪಂಜಾಬಿಯೇ ಆದರೂ ಶಾಲೆಯಲ್ಲಿ ಕಲಿತದ್ದು ಉರ್ದು. ಗುರುಮುಖಿ ಅವರಿಗೆ ಓದಲು ಬಾರದು. ಓದು ಬರಹವೇ ಕಲಿಯದ ಹಿರಿಯ ಹೆಂಗಸರಿಗಂತೂ ಎರಡೂ ಒಂದೇ. ಅದಕ್ಕೇ ಪಂಜಾಬಿ ರೇಡಿಯೋ, ವಿಡಿಯೋ, ಗುರುದ್ವಾರದಲ್ಲಿ ಬಿಪಿ ತಪಾಸಣೆ, ಕೂತು ಮಾತಾಡುವ ಗುಂಪುಗಳು ಬೇಕಾದವು. ಕಿವಿಯಿಂದ ಕೇಳಿದ್ದು, ತಮ್ಮವರೇ ಹೇಳಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ.

‘ರೋಟಿ ಬಿಡಿ’ ಅಂದರೆ ಉಪವಾಸವೇ?

ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾ ಮೂಲದವರಿಗೆ ಟೈಪ್ 2 ಮಧುಮೇಹ ಬರುವ ಸಂಭವ ಬಿಳಿಯರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ತೂಕ ತುಸು ಏರಿದರೂ ಅಪಾಯ ಶುರು. ಹಾಗಾಗಿ ಬಿಳಿಯರಿಗೆ ಬಿಎಂಐ 25 ಎಚ್ಚರಿಕೆಯ ಗೆರೆಯಾದರೆ ನಮ್ಮವರಿಗೆ 23. ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟದಿದ್ದರೆ ಒಳ್ಳೆಯದು.

ಆದರೆ ‘ಬ್ರೆಡ್, ಪಾಸ್ತಾ ಕಡಿಮೆ ಮಾಡಿ’ ಎಂಬ ಸಲಹೆ ಬೀಜಿಗೆ ಏನು ಉಪಯೋಗ? ಪಂಜಾಬಿಯಲ್ಲಿ ‘ರೋಟಿ’ ಅಂದರೆ ಇಡೀ ಊಟ ಎಂಬ ಅರ್ಥವೂ ಇದೆ. ‘ರೋಟಿ ಬಿಡಿ’ ಅಂದರೆ ಊಟ ಬಿಡಿ ಅಂದ ಹಾಗೆ! ಅದರ ಬದಲು ಎಷ್ಟು ರೊಟ್ಟಿ, ಮೇಲೆ ಎಷ್ಟು ತುಪ್ಪ, ಸಿಹಿ ಲಸ್ಸಿ ಎಷ್ಟು ಲೋಟ ಅಂತ ಕೇಳಿದರೆ ಮಾತು ಮುಂದುವರಿಯುತ್ತದೆ. ‘ಶುಗರ್’ ಅಂದಾಕ್ಷಣ ಚಹಾಕ್ಕೆ ಸಕ್ಕರೆ ಬಿಟ್ಟು, ಆಲೂ ಪರಾಠಾ ಮಾತ್ರ ಹಾಗೇ ಮುಂದುವರಿಸುವವರಿಗೂ ಆಗ ವಿಷಯ ತಿಳಿಯುತ್ತದೆ. ನಮ್ಮ ‘ಸಕ್ಕರೆ ಕಾಯಿಲೆ’ಯದೂ ಇದೇ ಕತೆ ತಾನೇ?

ಎದೆ ಕುಸಿದರೆ ಏನರ್ಥ?

ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿದ್ದ ಪಂಜಾಬಿಗಳ ಬಗ್ಗೆ ಇಂಗಾ-ಬ್ರಿಟ್ ಕ್ರೌಸ್ 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನವರು ಸಂಕಟವನ್ನು ‘ದಿಲ್ ಘಿರ್‌ದಾ ಹೈ’, ಅಂದರೆ ‘ಹೃದಯ ಕುಸಿಯುತ್ತಿದೆ’ ಎಂದು ಹೇಳಿಕೊಳ್ಳುತ್ತಿದ್ದರು. ಆ ಮಾತಿನ ಹಿಂದೆ ದಣಿವಿರಬಹುದು, ಚಿಂತೆ ಇರಬಹುದು, ಮಾನ ಹೋದೀತೆಂಬ ಭಯ ಇರಬಹುದು. ಶಬ್ದಶಃ ಅನುವಾದಿಸಿದರೆ ಡಾಕ್ಟರ್ ಬರೀ ಹೃದಯ ನೋಡಿ ಕಳಿಸಿಯಾರು. ಹಾಗಂತ ಎದೆನೋವನ್ನು ‘ಬರೀ ಚಿಂತೆ’ ಅಂತ ಮನೆಯಲ್ಲೇ ನಿರ್ಧರಿಸಬೇಡಿ. ಮೊದಲು ತಪಾಸಣೆ ಆಗಲಿ, ಆಮೇಲೆ ಮನಸ್ಸಿನ ಮಾತು ಕೇಳಿ.

ಮೊಮ್ಮಗ ದುಭಾಷಿ ಆಗದಿರಲಿ

ಹತ್ತು ವರ್ಷದ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡ ಬೀಜಿ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಹೋಗುತ್ತಿದೆ ಎಂದು ಹೇಗೆ ತಾನೇ ಹೇಳಿಯಾರು? ‘ಏನಿಲ್ಲ, ಸ್ವಲ್ಪ ಸುಸ್ತು’ ಅಂತ ಎದ್ದು ಬರುತ್ತಾರೆ. ಆದರೆ ಆ ರಕ್ತಸ್ರಾವ ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು, ತಡಮಾಡದೆ ತೋರಿಸಲೇಬೇಕು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ರೋಗಿಗೆ ದುಭಾಷಿ ಉಚಿತ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಬೇಕು, ಹೆಂಗಸೇ ಬೇಕೆಂದರೆ ಅದನ್ನೂ ಹೇಳಬೇಕು.

ನಂಬಿಕೆಯ ವಿಷಯವೂ ಅಷ್ಟೇ. ಸಿಖ್ಖರಿಗೆ ಕೂದಲು ಪವಿತ್ರ. ಆಪರೇಷನ್‌ಗೆ ಮುನ್ನ ಕೂದಲು ತೆಗೆಯಬೇಕಾದರೆ ಕಾರಣ ಹೇಳಿ ಒಪ್ಪಿಗೆ ಪಡೆಯಬೇಕು. ಕೇಳದೆ ಕತ್ತರಿ ಹಾಕಿದರೆ ಆಸ್ಪತ್ರೆಯ ಮೇಲಿನ ನಂಬಿಕೆಯೇ ಹೋದೀತು.

ನೀವೂ ಹೀಗೆ ಮಾಡಿ

* ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ಬದಲಿಗೆ ‘ಈ ಮಾತ್ರೆ ಯಾವಾಗ ತಗೋತೀರಿ, ಹೇಳಿ ನೋಡೋಣ’ ಅನ್ನಿ. ತಪ್ಪಿದರೆ ಗದರದೆ ಮತ್ತೊಮ್ಮೆ ಹೇಳಿ.

* ಓದಲು ಬಾರದವರಿಗೆ ಮಾತ್ರೆಯ ಪೊಟ್ಟಣದ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರನ ಚಿತ್ರ ಬರೆದುಕೊಡಿ.

* ಬಿಪಿ, ಶುಗರ್ ನಾರ್ಮಲ್ ಬಂತೆಂದು ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಲು ಬಿಡಬೇಡಿ. ನಾರ್ಮಲ್ ಆಗಿದ್ದು ಮಾತ್ರೆಯಿಂದಲೇ ಇರಬಹುದು!

* ನೀವು ಜೊತೆಗೆ ಹೋದರೂ ಎಲ್ಲ ಪ್ರಶ್ನೆಗೂ ನೀವೇ ಉತ್ತರಿಸಬೇಡಿ. ಅವರು ಡಾಕ್ಟರ್ ಜೊತೆ ಒಬ್ಬರೇ ಮಾತಾಡಲು ಐದು ನಿಮಿಷ ಬಿಡಿ.

ಮಗನ ಜೊತೆ ಇರಲು ಬಂದ, ಕನ್ನಡವೂ ಬಾರದ ಇಂಗ್ಲಿಷೂ ಬಾರದ ಪಂಜಾಬಿ ಬೀಜಿ ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇರಬಹುದು. ಅವರ ಭಾಷೆ ಬಲ್ಲ ಡಾಕ್ಟರನ್ನು ಹುಡುಕಿಕೊಟ್ಟರೂ ದೊಡ್ಡ ಉಪಕಾರವೇ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತೇವೆ. ರೋಗ ಬಂದ ಮೇಲೆ ಮಾತ್ರ ಊಟದಷ್ಟೇ ಮಾತೂ ಬೇಕು, ಅದೂ ರೋಗಿಯ ಮನೆಮಾತು!