ಅವಸರದ ಮೋಟಾರಿಗೆ ಕಡಿವಾಣ

ವಿಜ್ಞಾನ ವಸ್ತುಪ್ರದರ್ಶನಕ್ಕೆ ಇನ್ನೆರಡೇ ದಿನ. ಎಂಟನೆಯ ತರಗತಿಯ ಹುಡುಗನೊಬ್ಬ ಜಾತ್ರೆಯಲ್ಲಿ ತಿರುಗುವ ತೊಟ್ಟಿಲಿನ ಮಾದರಿ ಮಾಡಿದ್ದಾನೆ. ರಟ್ಟಿನ ದೊಡ್ಡ ಚಕ್ರ, ಬೆಂಕಿಪೊಟ್ಟಣದ ತೊಟ್ಟಿಲುಗಳು, ಒಂದೊಂದರಲ್ಲೂ ಜೇಡಿಮಣ್ಣಿನ ಪುಟ್ಟ ಗೊಂಬೆ. ಹಳೆಯ ಆಟಿಕೆ ಕಾರಿನಿಂದ ಕಿತ್ತ ಮೋಟಾರನ್ನು ಚಕ್ರದ ನಡುವಿಗೆ ನೇರವಾಗಿ ಸಿಕ್ಕಿಸಿ, ಎರಡು ಸೆಲ್ಲು ಜೋಡಿಸಿ ಸ್ವಿಚ್ ಒತ್ತುತ್ತಾನೆ. ಮೊದಲು ತಡವರಿಸಿದ ಚಕ್ರ ಬರಬರುತ್ತಾ ವೇಗ ಹಿಡಿದು ಗೊಂಬೆಗಳನ್ನೆಲ್ಲ ಕೋಣೆಯ ಮೂಲೆಮೂಲೆಗೆ ಎಸೆಯುತ್ತದೆ.

ಅಪ್ಪನ ಸಲಹೆ: ‘ನಡುವೆ ಒಂದು ರೆಸಿಸ್ಟರ್ ಹಾಕೋ, ನಿಧಾನವಾಗುತ್ತೆ.’ ಹಾಕಿದ್ದಾಯಿತು. ಈಗ ಚಕ್ರ ಕದಲುವುದೇ ಇಲ್ಲ. ‘ಅಪ್ಪಾ, ತಿರುಗ್ತಾನೇ ಇಲ್ಲ ನೋಡಿ’ ಎನ್ನುವಾಗ ಹುಡುಗನ ಕಣ್ಣಲ್ಲಿ ನೀರು. ಪ್ರದರ್ಶನದ ಮುಂಚಿನ ದಿನಗಳಲ್ಲಿ ಹಲವು ಮನೆಗಳಲ್ಲಿ ನಡೆಯುವ ನಾಟಕವಿದು. ಕೊನೆಗೆ ಅಂಗಡಿಯಿಂದ ಸಿದ್ಧ ಮಾದರಿ ಬರುತ್ತದೆ. ‘ನನ್ನ ಕೈಲಾಗದು’ ಎಂಬ ಭಾವನೆ ಹುಡುಗನಲ್ಲಿ ಉಳಿದುಬಿಡುತ್ತದೆ. ತಪ್ಪು ಅವನದಲ್ಲ, ಮೋಟಾರಿನದೂ ಅಲ್ಲ.

ಮೋಟಾರಿನೊಳಗೆ ಏನಾಗುತ್ತದೆಂದು ನೋಡೋಣ. ಕಾಂತಗಳ ನಡುವೆ ತಂತಿಯ ಸುರುಳಿ ತಿರುಗುತ್ತದೆಯಷ್ಟೆ. ಕಾಂತಕ್ಷೇತ್ರದಲ್ಲಿ ತಿರುಗುವ ಸುರುಳಿ ತಾನೇ ಒಂದು ಡೈನಮೊ ಆಗಿ, ಸೆಲ್ಲಿಗೆ ಎದುರಾಗಿ ವೋಲ್ಟೇಜ್ ಉತ್ಪಾದಿಸುತ್ತದೆ. ವೇಗ ಹೆಚ್ಚಿದಂತೆ ಈ ಎದುರು ವೋಲ್ಟೇಜ್ ಹೆಚ್ಚುತ್ತದೆ, ವಿದ್ಯುತ್ ಪ್ರವಾಹ ತಗ್ಗುತ್ತದೆ. ತಿರುಗಿಸುವ ಬಲ ಇರುವುದು ಪ್ರವಾಹದಲ್ಲಿ. ಹಾಗಾಗಿ ಹೊರಡುವ ಕ್ಷಣದಲ್ಲಿ ಮೋಟಾರು ಅತಿ ಹೆಚ್ಚು ಪ್ರವಾಹ ಬೇಡುತ್ತದೆ, ಓಟ ಹಿಡಿದ ಮೇಲೆ ಸ್ವಲ್ಪದರಲ್ಲೇ ತೃಪ್ತಿಪಡುತ್ತದೆ.

ಸುರುಳಿಯ ರೋಧ 2 ಓಮ್ ಎಂದಿಟ್ಟುಕೊಳ್ಳಿ. 3 ವೋಲ್ಟ್ ಕೊಟ್ಟರೆ ಹೊರಡುವಾಗ ಹರಿಯುವುದು 1.5 ಆಂಪಿಯರ್. ನಡುವೆ 10 ಓಮ್ ರೆಸಿಸ್ಟರ್ ಸೇರಿಸಿದರೆ ಒಟ್ಟು ರೋಧ 12 ಓಮ್, ಪ್ರವಾಹ ಕೇವಲ 0.25 ಆಂಪಿಯರ್. ಅಂದರೆ ಹೊರಡುವ ಬಲ ಆರರಲ್ಲಿ ಒಂದು ಪಾಲಿಗೆ ಇಳಿಯಿತು. ಬೆರಳಿನಿಂದ ತಳ್ಳಿಕೊಟ್ಟರೆ ಏನಾಗುತ್ತದೆ? ಓಡುವ ಮೋಟಾರು 0.1 ಆಂಪಿಯರ್ ಮಾತ್ರ ಎಳೆಯುತ್ತಿದ್ದರೆ ರೆಸಿಸ್ಟರ್ ನುಂಗುವುದು 1 ವೋಲ್ಟ್ ಅಷ್ಟೇ. ಉಳಿದ 2 ವೋಲ್ಟಿನಲ್ಲಿ ಚಕ್ರ ಮತ್ತೆ ಗಿರ್ರನೆ ಓಡುತ್ತದೆ! ಬೇಕಾದಾಗ ಬಲ ಕೊಡದು, ಬೇಡವಾದಾಗ ವೇಗ ತಡೆಯದು. ಸಾಲದ್ದಕ್ಕೆ ಮೋಟಾರು ಸಿಕ್ಕಿಹಾಕಿಕೊಂಡು ನಿಂತರೆ ಆ ರೆಸಿಸ್ಟರಿನಲ್ಲಿ 0.6 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಕಾಲು ವ್ಯಾಟಿನ ರೆಸಿಸ್ಟರ್ ಕೈಸುಡುವಷ್ಟು ಬಿಸಿಯಾದರೆ ಆಶ್ಚರ್ಯವಿಲ್ಲ.

ಇಷ್ಟರಲ್ಲಿ ಮನೆಯಲ್ಲಿ ಯಾರಾದರೂ ‘ಫ್ಯಾನಿನ ರೆಗ್ಯುಲೇಟರ್ ಹಾಕಿ ನೋಡೋಣ’ ಎನ್ನುವುದುಂಟು. ಖಂಡಿತ ಕೂಡದು. ಅದು ಮನೆಯ 230 ವೋಲ್ಟ್ ವಿದ್ಯುತ್ತಿಗಾಗಿ ಮಾಡಿದ ಸಾಧನ. ಗುಬುಟನ್ನು ಪೂರ್ತಿ ತಗ್ಗಿಸಿಟ್ಟರೂ ಅದರ ತಂತಿ ಮುಟ್ಟಿದವರ ಪ್ರಾಣಕ್ಕೆ ಅಪಾಯ. ಮಕ್ಕಳ ಮಾದರಿಗೆ ಟಾರ್ಚಿನ ಸೆಲ್ಲೇ ಸರಿ. ಹಳೆಯ ಮೊಬೈಲಿನ ಬ್ಯಾಟರಿಯೂ ಬೇಡ. ಅದರ ತುದಿಗಳು ಅಕಸ್ಮಾತ್ ತಾಗಿಕೊಂಡರೆ ಬೆಂಕಿ ಹತ್ತಬಹುದು.

ಹಾಗಾದರೆ ದಾರಿ? ಮೋಟಾರನ್ನು ಉಪವಾಸ ಕೆಡವಬಾರದು. ಅದು ತನ್ನ ಪಾಡಿಗೆ ವೇಗವಾಗಿಯೇ ಓಡಲಿ. ಆ ವೇಗವನ್ನು ಕೊಟ್ಟು ನಾವು ಬಲವನ್ನು ಕೊಳ್ಳಬೇಕು. ಅಡುಗೆಮನೆಯಲ್ಲಿ ದೋಸೆಹಿಟ್ಟು ರುಬ್ಬುವ ಹಳೆಯ ಗ್ರೈಂಡರಿನ ಕೆಳಗೆ ಬಗ್ಗಿ ನೋಡಿ. ನಿಮಿಷಕ್ಕೆ 1,440 ಸುತ್ತಿನ ಆಸುಪಾಸಿನಲ್ಲಿ ಓಡುವ ಮೋಟಾರಿಗೆ ಚಿಕ್ಕ ರಾಟೆ, ಪಾತ್ರೆಗೆ ದೊಡ್ಡ ರಾಟೆ, ನಡುವೆ ಬೆಲ್ಟು. ಹೊಲಿಗೆ ಯಂತ್ರಕ್ಕೆ ಮೋಟಾರು ಕೂರಿಸಿದ್ದರೂ ಇದೇ ವ್ಯವಸ್ಥೆ. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಸಾಗಬೇಕು. ಎಷ್ಟೋ ಟೇಪ್ ರೆಕಾರ್ಡರುಗಳಲ್ಲಿ ಆ ಸಮವೇಗ ಒದಗಿಸಿದ್ದು ರಬ್ಬರ್ ಬೆಲ್ಟು ಮತ್ತು ಭಾರದ ಗಾಲಿ. ಅಟ್ಟದ ಮೇಲೆ ಕೆಟ್ಟುಬಿದ್ದ ಟೇಪ್ ರೆಕಾರ್ಡರ್ ಇದ್ದರೆ ಗುಜರಿಗೆ ಹಾಕುವ ಮೊದಲು ಮಕ್ಕಳ ಕೈಗೆ ಕೊಡಿ. ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚುವಾಗ ಪಕ್ಕದಲ್ಲಿ ಕುಳಿತಿರಿ.

ತೊಟ್ಟಿಲಿನ ಮಾದರಿಗೆ ಬೇಡವಾದ ನಾಲ್ಕು ಸಿ.ಡಿ.ಗಳು ಸಾಕು. 10 ಸೆಂಟಿಮೀಟರ್ ಅಗಲದ ರಟ್ಟಿನ ಬಿಲ್ಲೆಯನ್ನು ಎರಡು ಸಿ.ಡಿ.ಗಳ ನಡುವೆ ಅಂಟಿಸಿ. ಸಿ.ಡಿ. 12 ಸೆಂಟಿಮೀಟರ್ ಇರುವುದರಿಂದ ಅಂಚಿನಲ್ಲಿ ತಾನಾಗಿಯೇ ಕಾಲುವೆ ಮೂಡಿ, ಒಳ್ಳೆಯ ರಾಟೆಯಾಗುತ್ತದೆ. ಇಂಥವು ಎರಡು. ಮೋಟಾರಿನ ಕಡ್ಡಿಗೆ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡು ತೊಡಿಸಿ ಅರ್ಧ ಸೆಂಟಿಮೀಟರ್ ದಪ್ಪ ಮಾಡಿ, ರಬ್ಬರ್ ಬ್ಯಾಂಡಿನಿಂದ ಮೊದಲ ರಾಟೆಗೆ ಜೋಡಿಸಿ. ವೇಗ 20 ಪಟ್ಟು ಇಳಿಯಿತು. ಆ ರಾಟೆಯ ಅಚ್ಚು ಸೈಕಲ್ ಕಡ್ಡಿ. ಅದಕ್ಕೂ ಅಷ್ಟೇ ದಪ್ಪದ ಟ್ಯೂಬು ತೊಡಿಸಿ ಎರಡನೆಯ ರಾಟೆಗೆ ಇನ್ನೊಂದು ಬ್ಯಾಂಡು. ಮತ್ತೆ 20 ಪಟ್ಟು. ಒಟ್ಟು 400. ನಿಮಿಷಕ್ಕೆ 6,000 ಸುತ್ತು ಓಡುವ ಮೋಟಾರು ತೊಟ್ಟಿಲನ್ನು 15 ಸುತ್ತು ತಿರುಗಿಸುತ್ತದೆ, ನಾಲ್ಕು ಸೆಕೆಂಡಿಗೊಂದು. ಬಲ ಮಾತ್ರ, ಘರ್ಷಣೆಗೆ ಹೋದದ್ದು ಕಳೆದು, ನೂರಾರು ಪಟ್ಟು ಹೆಚ್ಚುತ್ತದೆ.

ಬ್ಯಾಂಡು ಬಿಗಿಯಾಗಿರಬಾರದು. ಮೋಟಾರಿನ ಕಡ್ಡಿ ಒಂದು ಪಕ್ಕಕ್ಕೆ ಎಳೆದಂತಾಗಿ ಬೇಗ ಸವೆಯುತ್ತದೆ. ಸ್ವಲ್ಪ ಸಡಿಲವಿದ್ದರೆ ಇನ್ನೊಂದು ಲಾಭ: ಪ್ರದರ್ಶನ ನೋಡಲು ಬಂದ ಪುಟಾಣಿ ಚಕ್ರವನ್ನು ಹಿಡಿದು ನಿಲ್ಲಿಸಿದರೂ ಬ್ಯಾಂಡು ಜಾರುತ್ತದೆ, ಮೋಟಾರು ಸುಡುವುದಿಲ್ಲ. ಹಲ್ಲುಚಕ್ರಗಳಲ್ಲಿ ಈ ಅನುಕೂಲವಿಲ್ಲ, ಹಲ್ಲೇ ಮುರಿಯಬಹುದು. ಇನ್ನಷ್ಟು ನಿಧಾನ ಬೇಕೆಂದರೆ ಎರಡರ ಬದಲು ಒಂದೇ ಸೆಲ್ಲು ಹಾಕಿ ನೋಡಿ. ವೇಗ ಸುಮಾರು ಅರ್ಧಕ್ಕಿಳಿಯುತ್ತದೆ.

ಹೈಸ್ಕೂಲು ದಾಟಿದವರಿಗೆ ಮತ್ತೊಂದು ಉಪಾಯವುಂಟು. 1972ರಲ್ಲಿ ಮಾರುಕಟ್ಟೆಗೆ ಬಂದು ಇಂದಿಗೂ ಅಗ್ಗವಾಗಿ ಸಿಗುವ 555 ಎಂಬ ಬಿಲ್ಲೆಯಿಂದ ಟ್ರಾನ್ಸಿಸ್ಟರಿನ ಮೂಲಕ ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಸಲ ಕೊಟ್ಟು ಕಡಿಯುವುದು. ಕೊಡುವಷ್ಟು ಹೊತ್ತು ಪೂರ್ಣ ವೋಲ್ಟೇಜ್ ಸಿಗುವುದರಿಂದ ಮೋಟಾರು ನಿಧಾನಗತಿಯಲ್ಲೂ ಹೊರಡಲು ತಿಣುಕುವುದಿಲ್ಲ. ಸಾಮಾನ್ಯ 555ಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಮೋಟಾರಿಗೆ ಅಡ್ಡಲಾಗಿ ಒಂದು ಡಯೋಡ್ ಮರೆಯಬಾರದು.

ತೊಟ್ಟಿಲು ತಿರುಗತೊಡಗಿದ ಮೇಲೆ ಹುಡುಗ ಒಂದು ಕೆಲಸ ಮಾಡಬಹುದು. ಚಕ್ರದ ಅಂಚಿಗೆ ಸುಣ್ಣದ ಚುಕ್ಕೆಯಿಟ್ಟು, ಅಪ್ಪನ ಗಡಿಯಾರ ನೋಡಿ ಒಂದು ನಿಮಿಷದಲ್ಲಿ ಎಷ್ಟು ಸುತ್ತು ಬಂತೆಂದು ಎಣಿಸಲಿ. 13 ಬಂದರೆ 400ರಿಂದ ಗುಣಿಸಲಿ: 5,200. ಕಣ್ಣಿಗೆ ಕಾಣದಷ್ಟು ವೇಗದ ಮೋಟಾರಿನ ಸುತ್ತನ್ನು ಅವನು ಕೈಬೆರಳಲ್ಲೇ ಲೆಕ್ಕಹಾಕಿದಂತಾಯಿತು. ನಿಜವಾದ ವೇಗ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಏಕೆಂದು ತೀರ್ಪುಗಾರರು ಕೇಳಿದರೆ, ಜಾರುವ ರಬ್ಬರ್ ಬ್ಯಾಂಡನ್ನು ಅವನೇ ತೋರಿಸಿಯಾನು.