ರಾಸಾಯನಿಕ ಕ್ರಿಯೆಗಳಲ್ಲಿ ಅನಿಲಗಳ ಗಾತ್ರದ ಲೆಕ್ಕಾಚಾರ

ರಾಸಾಯನಿಕ ಕ್ರಿಯೆಯೊಂದರಲ್ಲಿ ಬಳಕೆಯಾಗುವ ಅಥವಾ ಉತ್ಪತ್ತಿಯಾಗುವ ಅನಿಲದ ಗಾತ್ರವನ್ನು ಸಮತೋಲಿತ ಸಮೀಕರಣದ ಆಧಾರದಿಂದ ಕಂಡುಹಿಡಿಯುವ ವಿಧಾನವು ಸ್ಟಾಯಿಕಿಯೊಮೆಟ್ರಿಯ ಒಂದು ಭಾಗವಾಗಿದೆ. ಅನಿಲದ ಗಾತ್ರವು ತಾಪ ಮತ್ತು ಒತ್ತಡಗಳಿಗೆ ಅನುಗುಣವಾಗಿ ಬದಲಾಗುವುದರಿಂದ ಲೆಕ್ಕದಲ್ಲಿ ಇವೆರಡನ್ನೂ ನಮೂದಿಸುವುದು ಅಗತ್ಯ.

ತತ್ವ

ಅನಿಲಗಳು ಸರಳ ಪೂರ್ಣಾಂಕಗಳ ಗಾತ್ರಾನುಪಾತದಲ್ಲಿ ಸಂಯೋಗ ಹೊಂದುತ್ತವೆ ಎಂದು ಫ್ರಾನ್ಸಿನ ಗೇ-ಲುಸಾಕ್ 1808ರಲ್ಲಿ ತೋರಿಸಿದರು. ಒಂದೇ ತಾಪ ಮತ್ತು ಒತ್ತಡದಲ್ಲಿರುವ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮವಾಗಿರುತ್ತದೆ ಎಂದು ಇಟಲಿಯ ಅವೊಗಾಡ್ರೊ 1811ರಲ್ಲಿ ಪ್ರತಿಪಾದಿಸಿದರು. ಅದರಂತೆ 0 ಡಿಗ್ರಿ ಸೆಲ್ಸಿಯಸ್ ತಾಪ ಹಾಗೂ 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಯಾವುದೇ ಆದರ್ಶ ಅನಿಲದ 1 ಮೋಲ್ 22.4 ಲೀಟರ್ ಗಾತ್ರವನ್ನು ಆಕ್ರಮಿಸುತ್ತದೆ.

ಲೆಕ್ಕದ ಹಂತಗಳು

1. ಸಮೀಕರಣವನ್ನು ಸಮತೋಲನಗೊಳಿಸುವುದು.
2. ಕೊಟ್ಟ ದ್ರವ್ಯರಾಶಿಯನ್ನು ಮೋಲ್‌ಗೆ ಪರಿವರ್ತಿಸುವುದು.
3. ಸಮೀಕರಣದ ಅನುಪಾತದಿಂದ ಅನಿಲದ ಮೋಲ್‌ಗಳನ್ನು ಪಡೆಯುವುದು.
4. ಅದನ್ನು ಆ ತಾಪ, ಒತ್ತಡಗಳ ಮೋಲಾರ್ ಗಾತ್ರದಿಂದ ಗುಣಿಸುವುದು.

ಉದಾಹರಣೆ: ಗಂಧಕದ ಹೊಗೆ

ವಿಜಯಪುರ ಜಿಲ್ಲೆಯ ಟಿಕೋಟಾ, ಬಬಲೇಶ್ವರ ಭಾಗಗಳು ದ್ರಾಕ್ಷಿ ಬೆಳೆಗೂ ಒಣದ್ರಾಕ್ಷಿಗೂ ಹೆಸರಾಗಿವೆ. ಒಣದ್ರಾಕ್ಷಿಯ ಬಣ್ಣ ಕಪ್ಪಾಗದಂತೆ ಕಾಯ್ದುಕೊಳ್ಳಲು ಗಂಧಕವನ್ನು ಉರಿಸಿ ಅದರ ಹೊಗೆಯನ್ನು ಕೊಡುವ ಪದ್ಧತಿಯಿದೆ. ಆಗ ನಡೆಯುವ ಕ್ರಿಯೆ ಹೀಗಿದೆ:

ಗಂಧಕ (1 ಮೋಲ್) + ಆಮ್ಲಜನಕ (1 ಮೋಲ್) → ಸಲ್ಫರ್ ಡೈಆಕ್ಸೈಡ್ (1 ಮೋಲ್)

ಗಂಧಕದ 1 ಮೋಲ್ ಎಂದರೆ 32 ಗ್ರಾಂ. ಆದ್ದರಿಂದ 1 ಕಿಲೋಗ್ರಾಂ ಗಂಧಕದಲ್ಲಿ 1000 ÷ 32 = 31.25 ಮೋಲ್ ಇರುತ್ತದೆ. ಪೂರ್ಣವಾಗಿ ಉರಿದರೆ ಅಷ್ಟೇ ಮೋಲ್ ಅನಿಲ ಹುಟ್ಟುತ್ತದೆ. 0 ಡಿಗ್ರಿಯಲ್ಲಿ ಅದರ ಗಾತ್ರ 31.25 × 22.4 = 700 ಲೀಟರ್.

ಆದರೆ ಒಣದ್ರಾಕ್ಷಿಯ ಕಾಲ ಬೇಸಿಗೆ. ವಿಜಯಪುರವು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ತಾಪ 35 ಡಿಗ್ರಿ, ಒತ್ತಡ 0.93 ಅಟ್ಮಾಸ್ಫಿಯರ್ ಎಂದಿಟ್ಟುಕೊಂಡರೆ ಮೋಲಾರ್ ಗಾತ್ರವು 22.4 × (308 ÷ 273) ÷ 0.93 = 27.2 ಲೀಟರ್ ಆಗುತ್ತದೆ. ಇಲ್ಲಿ 308 ಮತ್ತು 273 ಎಂಬುವು ಕೆಲ್ವಿನ್ ಮಾನದ ತಾಪಗಳು. ಆಗ ಅನಿಲದ ಗಾತ್ರ 31.25 × 27.2 = 850 ಲೀಟರ್. ಕೇವಲ 22.4ನ್ನು ನೆಚ್ಚಿಕೊಂಡಿದ್ದರೆ 150 ಲೀಟರ್ ಲೆಕ್ಕ ತಪ್ಪುತ್ತಿತ್ತು.

ಸುರಕ್ಷತೆಯಲ್ಲಿ ಉಪಯೋಗ

ಗಾಳಿಯ 10 ಲಕ್ಷ ಭಾಗಗಳಲ್ಲಿ 100 ಭಾಗದಷ್ಟು ಸಲ್ಫರ್ ಡೈಆಕ್ಸೈಡ್ ಇದ್ದರೆ ಅದನ್ನು ಜೀವಕ್ಕೆ ತಕ್ಷಣ ಅಪಾಯಕಾರಿ ಎಂದು ಪರಿಗಣಿಸಲಾಗುತ್ತದೆ. 100 ಘನ ಮೀಟರ್ ಕೋಣೆಯಲ್ಲಿ, ಅಂದರೆ 1 ಲಕ್ಷ ಲೀಟರ್ ಗಾಳಿಯಲ್ಲಿ, ಈ ಮಿತಿಗೆ 10 ಲೀಟರ್ ಅನಿಲ ಸಾಕು. ಅದಕ್ಕೆ ಬೇಕಾದ ಗಂಧಕ (10 ÷ 27.2) × 32, ಅಂದರೆ ಸುಮಾರು 12 ಗ್ರಾಂ ಮಾತ್ರ. ಮುಚ್ಚಿದ ಕೋಣೆಯಲ್ಲಿ ಗಂಧಕ ಉರಿಸಿದ ಮೇಲೆ ಚೆನ್ನಾಗಿ ಗಾಳಿಯಾಡಿಸದೆ ಒಳಗೆ ಹೋಗಬಾರದೆಂಬ ಎಚ್ಚರಿಕೆಗೆ ಇದೇ ಆಧಾರ.

ಮಿತಿಗಳು

ಈ ಲೆಕ್ಕವು ಗರಿಷ್ಠ ಪ್ರಮಾಣವನ್ನು ಸೂಚಿಸುತ್ತದೆ. ವಾಸ್ತವದಲ್ಲಿ ಅನಿಲದ ಸ್ವಲ್ಪ ಭಾಗವನ್ನು ಹಣ್ಣು ಹೀರಿಕೊಳ್ಳುತ್ತದೆ, ಸ್ವಲ್ಪ ಭಾಗ ಹೊರಗೆ ಸೋರುತ್ತದೆ. ಸಲ್ಫರ್ ಡೈಆಕ್ಸೈಡ್ ಆದರ್ಶ ಅನಿಲವೂ ಅಲ್ಲ. 0 ಡಿಗ್ರಿಯಲ್ಲಿ ಅದರ ಮೋಲಾರ್ ಗಾತ್ರ ಸುಮಾರು 21.9 ಲೀಟರ್. ಚಿಕ್ಕ ಪೆಟ್ಟಿಗೆಯಲ್ಲಿ ಉರಿಸಿದಾಗ ಆಮ್ಲಜನಕವೇ ಮೊದಲು ಮುಗಿದು, ಉಳಿದ ಗಂಧಕ ಉರಿಯದೆ ಉಳಿಯಬಹುದು. ಅಂಥಲ್ಲಿ ಆಮ್ಲಜನಕವು ಸೀಮಿತಕಾರಕವಾಗುವುದರಿಂದ ಲೆಕ್ಕವನ್ನು ಅದರಿಂದಲೇ ಆರಂಭಿಸಬೇಕಾಗುತ್ತದೆ.